ಮುಸುಕಿನ ಜೋಳಕ್ಕೆ ಇನ್ನೊಂದು ಮುಸುಕು

ಇವತ್ತು ರಸಮೇವಿನ ಮಾತು. ಮುಸುಕಿನ ಜೋಳವನ್ನು ಹಸಿರಿರುವಾಗಲೇ ಕೊಯ್ದು, ಕತ್ತರಿಸಿ, ತುಳಿದು, ಗಾಳಿಯಾಡದ ಹಾಗೆ ಮುಚ್ಚಿಟ್ಟು ಬೇಸಿಗೆಯಲ್ಲಿ ಹಸುವಿಗೆ ಹಾಕುವ ಮೇವು ಅದು. ಊರಲ್ಲಿ ಈಗ ಸೈಲೇಜ್ ಅಂದರೂ ಗೊತ್ತಾಗುತ್ತದೆ. ಈ ಮಾತನ್ನು ನಮ್ಮೂರ ಹೊಲದಿಂದಲೇ ಶುರು ಮಾಡಬಹುದಿತ್ತು. ನನಗೆ ಇದು ಮನಸ್ಸಿಗೆ ನಾಟಿದ್ದು ಮಾತ್ರ ಕೋಲ್ಕತ್ತದ ಒಂದು ಗಲ್ಲಿಯಲ್ಲಿ. ಹಾಗಾಗಿ ಮೊದಲು ಅಲ್ಲಿಗೆ ಹೋಗಿ ಬರೋಣ.

ಕೆಲಸದ ಮೇಲೆ ನಾನು ಕೆಲವು ವರ್ಷ ಕೋಲ್ಕತ್ತದಲ್ಲಿದ್ದೆ. ಮನೆಯ ಹಿಂದಿನ ಗಲ್ಲಿಯಲ್ಲಿ ಒಂದು ಖಾಟಾಲ್ ಇತ್ತು. ಪೇಟೆಯೊಳಗಿನ ಹಾಲಿನ ಕೊಟ್ಟಿಗೆಗೆ ಅಲ್ಲಿ ಹಾಗನ್ನುತ್ತಾರೆ. ಬಿಹಾರದಿಂದ ಬಂದ ಒಬ್ಬರು ಎಂಟು ಹತ್ತು ರಾಸು ಕಟ್ಟಿಕೊಂಡಿದ್ದರು. ಬೆಳಿಗ್ಗೆ ಬೆಳಿಗ್ಗೆ ನಾನು ಪಾತ್ರೆ ಹಿಡಿದು ಹೋಗಿ ನಿಲ್ಲುತ್ತಿದ್ದೆ. ತೊಟ್ಟಿಯಲ್ಲಿ ಏನಿರುತ್ತಿತ್ತು ಹೇಳುತ್ತೇನೆ, ನೀವೇ ಕಲ್ಪಿಸಿಕೊಳ್ಳಿ. ಸಣ್ಣಗೆ ಕತ್ತರಿಸಿದ ಭತ್ತದ ಹುಲ್ಲು. ಅದಕ್ಕೆ ಬಿಚಾಲಿ ಅಂತ ಹೆಸರು. ಅದರ ಮೇಲೆ ಸಾಸಿವೆ ಹಿಂಡಿ ಕದಡಿದ ನೀರು. ಎರಡನ್ನೂ ಕಲಸಿದರೆ ಜಾಬ್ನಾ. ನಮ್ಮ ಕಲಗಚ್ಚಿಗೆ ಹುಲ್ಲು ಸೇರಿಸಿದ ಹಾಗೆ. ಹಸಿರು ಅನ್ನುವುದು ಒಂದೆಳೆಯೂ ಇರುತ್ತಿರಲಿಲ್ಲ.

ನಾನು ಕೋಲಾರದ ಕಡೆಯವನು. ಒಂದು ಹಿಡಿ ಹಸಿಹುಲ್ಲಾದರೂ ಹಸುವಿನ ಮುಂದೆ ಹಾಕದೆ ಕರೆಯಲು ಚೊಂಬು ಹಿಡಿದು ಕೂತರೆ ನಮ್ಮಜ್ಜಿ ಬೈಯುತ್ತಿದ್ದಳು. ಆ ಅಭ್ಯಾಸದಲ್ಲಿ ಕೇಳಿಯೇಬಿಟ್ಟೆ, ಹಸಿಮೇವು ಹಾಕುವುದಿಲ್ಲವೇ ಅಂತ. ಅವರು ನಕ್ಕರು. “ಬಾಬು, ಹಸುವನ್ನು ಊರಿಂದ ಹೊಡಕೊಂಡು ಬರಬಹುದು. ಗದ್ದೆಯನ್ನು ಹೊಡಕೊಂಡು ಬರೋಕಾಗುತ್ತಾ?”

ಆ ಪೇಟೆಗೆ ಇದು ಹಳೆಯ ಕಷ್ಟ. ಹಾಲು ಬತ್ತಿದ ಹಸುವಿಗೆ ಪೇಟೆಯಲ್ಲಿ ಮೇವು ಕೊಂಡು ಹಾಕಿದರೆ ಗಿಟ್ಟುವುದಿಲ್ಲ. ಹಿಂದೆಲ್ಲ ಬತ್ತಿದ ಹಸು ನೇರವಾಗಿ ಕಟುಕರ ಕೈಗೆ ಹೋಗುತ್ತಿತ್ತು. ಬತ್ತುವ ತನಕ ಕೊನೆಯ ಹನಿಯನ್ನೂ ಹಿಂಡಬೇಕು. ಅದಕ್ಕೊಂದು ಪದ್ಧತಿ ಇತ್ತು, ಫೂಕಾ ಅಂತ. ಫೂಕ್ ಅಂದರೆ ಹಿಂದಿಯಲ್ಲಿ ಊದು. ಹಸುವಿನ ಹಿಂಭಾಗದಿಂದ ಒಳಗೆ ಗಾಳಿ ಊದಿ ಹಾಲು ಇಳಿಸುವುದು. ಬಾನುಲಿಯಲ್ಲಿ ಇದಕ್ಕಿಂತ ವಿವರ ಬೇಡ. 1960ರ ಪ್ರಾಣಿಹಿಂಸೆ ತಡೆ ಕಾಯ್ದೆ ಫೂಕಾವನ್ನು ಹೆಸರು ಹಿಡಿದೇ ಅಪರಾಧ ಎಂದಿದೆ. ಅಷ್ಟು ಹೇಳಿದರೆ ಸಾಕು.

ಇಂಥ ಹಿಂಸೆಯ ಸುದ್ದಿ ಕಡಲಾಚೆಗೂ ಹೋಗಿತ್ತು. ಗಾಂಧೀಜಿ ದಕ್ಷಿಣ ಆಫ್ರಿಕದಲ್ಲಿದ್ದಾಗ, ಕಲ್ಕತ್ತದಿಂದ ಬಂದ ಕೆಲವು ಬರಹ ಓದಿದರು. ಹಸು ಎಮ್ಮೆಗಳಿಗೆ ಸಾಕಿದವರೇ ಕೊಡುವ ಹಿಂಸೆಯ ವಿವರ ಅದರಲ್ಲಿತ್ತು. 1912ರಲ್ಲಿ ಅವರು ಹಾಲು ಬಿಟ್ಟರು. ಬಿಡುವುದಕ್ಕೆ ಆ ಬರಹವೂ ಒಂದು ಕಾರಣ ಎಂದು ಆತ್ಮಕಥೆಯಲ್ಲಿ ಬರೆದಿದ್ದಾರೆ. ಹಾಲು ಬಿಟ್ಟ ಅದೇ ಮನುಷ್ಯ 1927ರಲ್ಲಿ ನಮ್ಮ ನಂದಿಬೆಟ್ಟಕ್ಕೆ ಬಂದರು, ಕೆಟ್ಟಿದ್ದ ಆರೋಗ್ಯ ಸುಧಾರಿಸಿಕೊಳ್ಳಲು. ಬೆಟ್ಟ ಇಳಿದ ಮೇಲೆ ಬೆಂಗಳೂರಿನ ಆಡುಗೋಡಿಯ ಹೈನುಗಾರಿಕೆ ಸಂಸ್ಥೆಗೆ ಸುಮಾರು ಎರಡು ವಾರ ವಿದ್ಯಾರ್ಥಿಯ ಹಾಗೆ ಹೋಗಿ ಬಂದರು. ಜೊತೆಗೆ ಮದನಮೋಹನ ಮಾಳವೀಯರು. ಹಸುವಿನ ಕಷ್ಟವನ್ನು ಕಂಡು ಕಣ್ಣೀರು ಹಾಕುವವರು ಬಹಳ ಜನ. ಆಗಲೇ ಅರವತ್ತರ ಹತ್ತಿರ ಬಂದಿದ್ದವರು ಕೊಟ್ಟಿಗೆಗೆ ಹೋಗಿ ಪಾಠ ಕೇಳಿದರಲ್ಲ, ಅದು ನನಗೆ ದೊಡ್ಡದಾಗಿ ಕಾಣುತ್ತದೆ.

ಮತ್ತೆ ಕೋಲ್ಕತ್ತಕ್ಕೆ ಬರೋಣ. ಸ್ವಾತಂತ್ರ್ಯ ಬಂದ ಮೇಲೆ ಅಲ್ಲಿನ ರಾಸುಗಳನ್ನು ಊರಾಚೆ ಸಾಗಿಸುವ ಯೋಚನೆ ಶುರುವಾಯಿತು. ಸುಮಾರು 50 ಕಿಲೋಮೀಟರ್ ಆಚೆ, ನದಿಯಾ ಜಿಲ್ಲೆಯ ಹರಿಣಘಾಟಾದಲ್ಲಿ ಸರ್ಕಾರಿ ಫಾರಂ ಎದ್ದಿತು. ಹರಿಣಘಾಟಾದ ಹಾಲು ಅಂದರೆ ಅಲ್ಲಿನ ಹಿರಿಯರು ಈಗಲೂ ಬಾಟಲಿ ಹಿಡಿದು ಸಾಲಿನಲ್ಲಿ ನಿಂತದ್ದನ್ನು ನೆನೆಯುತ್ತಾರೆ. 1970ರಲ್ಲಿ ಕ್ಷೀರಕ್ರಾಂತಿ ಯೋಜನೆ ಬಂತು. ಮುಂಬಯಿ, ದೆಹಲಿ, ಕೋಲ್ಕತ್ತ, ಚೆನ್ನೈ, ಈ ನಾಲ್ಕು ನಗರಗಳಿಗೆ ಹಳ್ಳಿಯ ಹಾಲು ಹರಿಯಬೇಕು ಅನ್ನುವುದು ಅದರ ಲೆಕ್ಕಾಚಾರ. ಹಸು ಮೇವಿರುವ ಕಡೆ ಇರಲಿ, ಹಾಲು ಮಾತ್ರ ಪ್ರಯಾಣ ಮಾಡಲಿ.

ಇಲ್ಲಿಯವರೆಗೆ ಹೇಳಿದ್ದು ಇಷ್ಟು. ಪೇಟೆಯ ಹಸುವಿನ ಮೂಲ ಕಷ್ಟ ಹಸಿಮೇವು ಇಲ್ಲದ್ದು. ಅದಕ್ಕೆ ಪರಿಹಾರ ಅಂತ ಹಸುವನ್ನು ಹಳ್ಳಿಯಲ್ಲೇ ಉಳಿಸಲು ಹೊರಟರು. ಈಗ ಹಳ್ಳಿಗೆ ಬರೋಣ.

ಹಳ್ಳಿಯಲ್ಲಿ ಹಸಿಮೇವು ಇದೆಯೇ? ಶ್ರಾವಣದಲ್ಲಿ ಬದುವಿನ ತುಂಬ ಇದೆ. ಮಾಘ ಕಳೆದ ಮೇಲೆ ಬಂದು ನೋಡಿ. ಫೆಬ್ರವರಿಯಿಂದ ಮೇ ತನಕ, ಸುಮಾರು 120 ದಿನ, ನಮ್ಮ ಕಡೆಯ ಎಷ್ಟೋ ಕೊಟ್ಟಿಗೆಗಳು ಖಾಟಾಲ್‌ಗಳೇ. ರಾಗಿಹುಲ್ಲಿನ ಬಣವೆ ಒಂದೇ ಗತಿ. ಅದರ ಜೊತೆ ಹಿಂಡಿ, ಬೂಸಾ. 2023ರಲ್ಲಿ ಮಳೆ ಕೈಕೊಟ್ಟು ರಾಜ್ಯದ 200ಕ್ಕೂ ಹೆಚ್ಚು ತಾಲ್ಲೂಕುಗಳನ್ನು ಬರಪೀಡಿತ ಎಂದು ಘೋಷಿಸಿದರು. ಆ ವರ್ಷ ಬಣವೆಯೂ ಇರಲಿಲ್ಲ. ಗದ್ದೆಯನ್ನು ಹೊಡಕೊಂಡು ಬರೋಕಾಗುತ್ತಾ ಅಂದರಲ್ಲ ಕೋಲ್ಕತ್ತದ ಖಾಟಾಲ್‌ನವರು, ನಾವು ಶ್ರಾವಣವನ್ನು ವೈಶಾಖಕ್ಕೆ ಹೊಡಕೊಂಡು ಬರಬೇಕು. ರಸಮೇವು ಮಾಡುವುದು ಅದನ್ನೇ.

ಹೇಗೆ ಮಾಡುತ್ತದೆ? ಮೇವಿನ ಉಪ್ಪಿನಕಾಯಿ ಎಂದು ಹೇಳಿಕೊಡುವುದುಂಟು. ನನಗೆ ಆ ಹೋಲಿಕೆ ಪೂರ್ತಿ ಒಪ್ಪಿಗೆಯಿಲ್ಲ. ಉಪ್ಪಿನಕಾಯಿಗೆ ಉಪ್ಪನ್ನು ನಾವು ಹಾಕುತ್ತೇವೆ. ಇಲ್ಲಿ ಮೇವು ತನ್ನ ಹುಳಿಯನ್ನು ತಾನೇ ಮಾಡಿಕೊಳ್ಳುತ್ತದೆ. ಮೊಸರಿನಲ್ಲಿರುವ ಹುಳಿ, ಲ್ಯಾಕ್ಟಿಕ್ ಆಮ್ಲ, ಅದೇ ಇದು. ಜೋಳದ ದಂಟಿನಲ್ಲಿ ಸಿಹಿ ಇದೆ. ಎಳೆ ದಂಟನ್ನು ಜಗಿದ ಮಕ್ಕಳಿಗೆಲ್ಲ ಅದು ಗೊತ್ತು. ಆ ಸಿಹಿಯನ್ನು ತಿಂದು ಹುಳಿ ಬಿಡುವ ಸೂಕ್ಷ್ಮಾಣುಗಳು ಎಲೆಯ ಮೇಲೇ ಇರುತ್ತವೆ. ಅವಕ್ಕೆ ಗಾಳಿ ಬೇಡ. ಕೊಳೆಸುವ ಬೂಷ್ಟಿಗೆ ಗಾಳಿ ಬೇಕು. ಗಾಳಿ ತಡೆದರೆ ಹುಳಿ ಗೆಲ್ಲುತ್ತದೆ, ಬಿಟ್ಟರೆ ಬೂಷ್ಟು ಗೆಲ್ಲುತ್ತದೆ. ಬೆಲ್ಲ, ಉಪ್ಪು, ಪೇಟೆಯಲ್ಲಿ ಮಾರುವ ಪುಡಿ, ಮುಸುಕಿನ ಜೋಳಕ್ಕೆ ಇವು ಯಾವುವೂ ಕಡ್ಡಾಯವಲ್ಲ. ಕುದುರೆಮೆಂತ್ಯ, ಅಲಸಂದೆಯ ಮಾತು ಬೇರೆ. ಅವುಗಳಲ್ಲಿ ಸಿಹಿ ಕಡಿಮೆ, ಬೇಗ ಹುಳಿಯಾಗುವುದಿಲ್ಲ. ನೇಪಿಯರ್ ಹುಲ್ಲಾದರೆ ಬಾಡಿಸಬೇಕು, ಬೆಲ್ಲವನ್ನೂ ಸೇರಿಸಬೇಕು.

ಇದನ್ನು ಜಗತ್ತಿಗೆ ಚೆನ್ನಾಗಿ ತಿಳಿಸಿಕೊಟ್ಟವರು ಫ್ರಾನ್ಸಿನ ಒಬ್ಬ ಜಮೀನುದಾರರು, ಓಗುಸ್ತ್ ಗೋಫಾರ್. ವರ್ಷಗಟ್ಟಲೆ ಕೆಡಿಸಿ ಕೆಡಿಸಿ ಕಲಿತು, 1877ರಲ್ಲಿ ಮುಸುಕಿನ ಜೋಳದ ರಸಮೇವಿನ ಬಗ್ಗೆ ಪುಸ್ತಕ ಬರೆದರು. ಕಟ್ಟಿದ ತೊಟ್ಟಿ, ಸಣ್ಣಗೆ ಕತ್ತರಿಸಿದ ಮೇವು, ಮೇಲೆ ಭಾರ. ಇವತ್ತಿಗೂ ಅಷ್ಟೇ. ಆಮೇಲೆ ಫಿನ್ಲೆಂಡಿನ ವಿರ್ತಾನೆನ್ ಮೇವನ್ನು ಹುಳಿ ಬೆರೆಸಿ ಕೆಡದಂತೆ ಇಡುವ ವಿಧಾನ ಕಂಡುಹಿಡಿದರು. 1945ರ ರಸಾಯನಶಾಸ್ತ್ರದ ನೊಬೆಲ್ ಬಹುಮಾನ ಅವರಿಗೆ ಸಂದದ್ದು ಮುಖ್ಯವಾಗಿ ಈ ಮೇವಿನ ಕೆಲಸಕ್ಕೆ. ಹಸುವಿನ ತೊಟ್ಟಿಯಿಂದ ನೊಬೆಲ್ ತನಕ ದಾರಿ ಇದೆ ನೋಡಿ.

ಗಾಳಿ ತಡೆದರೆ ಗೆದ್ದೆವು ಅಂದೆ. ಹೇಳುವುದು ಸುಲಭ. ನಮ್ಮಣ್ಣ ಎರಡು ವರ್ಷ ಸೋತ. ಅದನ್ನೇ ಹೇಳುತ್ತೇನೆ.

ಅಣ್ಣನಿಗೆ ಎರಡು ಸೀಮೆಹಸು. ಕೊಳವೆಬಾವಿಯ ನೀರಿನಲ್ಲಿ ಅರ್ಧ ಎಕರೆ ಜೋಳ. ಮೊದಲ ವರ್ಷ ಗುಂಡಿ ತೋಡಿದೆವು. ಉದ್ದ 10 ಅಡಿ, ಅಗಲ 7 ಅಡಿ, ಆಳ 5 ಅಡಿ. ರಜೆಯಲ್ಲಿ ನಾನೂ ಊರಲ್ಲಿದ್ದೆ. ಎರಡನೆಯ ದಿನ ಚಾಫ್ ಕಟರ್ ಕೆಟ್ಟಿತು. ರಿಪೇರಿಗೆ ಕಳಿಸಿದೆವು. ಬರುವಷ್ಟರಲ್ಲಿ ಮಳೆ. ಇವತ್ತು ಒಂದು ಹೊರೆ, ನಾಳಿದ್ದು ಒಂದು ಹೊರೆ, ಹೀಗೆ ತುಂಬಿ ಮುಗಿಸುವಾಗ ಎಂಟು ದಿನ. ಮೇಲೆ ರಾಗಿಹುಲ್ಲು ಹಾಸಿ ಮಣ್ಣು ಎಳೆದೆವು. ಪ್ಲಾಸ್ಟಿಕ್ ಹಾಳೆಗೆ ದುಡ್ಡು ಯಾಕೆ ಅಂದವನು ನಾನೇ. ಶಿವರಾತ್ರಿ ಕಳೆದ ಮೇಲೆ ತೆಗೆದೆವು. ಕಪ್ಪಗೆ, ಜಿಡ್ಡು ಜಿಡ್ಡಾಗಿ, ಮೂಗು ಮುಚ್ಚುವ ವಾಸನೆ. ಅತ್ತಿಗೆ ಬಗ್ಗಿ ನೋಡಿದರು. “ಅಣ್ಣತಮ್ಮಂದಿರು ಸೇರಿ ಒಳ್ಳೇ ಗೊಬ್ಬರ ಮಾಡಿದ್ರಿ. ರಾಗಿ ಹೊಲಕ್ಕೆ ಆಯ್ತು ಬಿಡಿ” ಅಂದರು. ತಿಪ್ಪೆಗೆ ಹೋಯಿತು.

ಎಂಟು ದಿನವೂ ಮೇವಿನೊಳಗೆ ಗಾಳಿ ಆಡುತ್ತಲೇ ಇತ್ತು. ಕೊಯ್ದ ಗಿಡ ತಕ್ಷಣ ಸಾಯುವುದಿಲ್ಲ. ಉಸಿರಾಡುತ್ತದೆ, ಬಿಸಿಯಾಗುತ್ತದೆ, ತನ್ನ ಸಿಹಿಯನ್ನು ತಾನೇ ತಿಂದು ಮುಗಿಸುತ್ತದೆ. ಹುಳಿಯಾಗಲು ಏನೂ ಉಳಿಯುವುದಿಲ್ಲ. ಆದ್ದರಿಂದ ಸಣ್ಣ ರೈತರಿಗೆ ನಾನು ಮೊದಲು ಹೇಳುವ ಮಾತು ಇದು. ಯಂತ್ರ ಸರಿ ಇದೆಯಾ, ಮುಯ್ಯಾಳು ಗೊತ್ತು ಮಾಡಿದ್ದೀರಾ, ಹಾಳೆ ಮನೆಗೆ ಬಂದಿದೆಯಾ, ಇದೆಲ್ಲ ಆದ ಮೇಲೆ ಕುಡುಗೋಲು ಮುಟ್ಟಿ. ಕೊಯ್ದ ದಿನವೇ ಕತ್ತರಿಸಿ, ಕತ್ತರಿಸಿದ ದಿನವೇ ತುಳಿಯಿರಿ. ಒಂದು ದಿನದಲ್ಲಿ ಮುಚ್ಚಿದರೆ ಬಹಳ ಒಳ್ಳೆಯದು. ಎರಡು ದಿನಕ್ಕಿಂತ ಮುಂದಕ್ಕೆ ಹೋಗಬಾರದು.

ಎರಡನೆಯ ವರ್ಷ ಅಣ್ಣ ಎಲ್ಲ ಸರಿ ಮಾಡಿದ. ಗುಂಡಿಯ ತಳಕ್ಕೂ ಗೋಡೆಗೂ ದಪ್ಪ ಹಾಳೆ. ಅರ್ಧ ಇಂಚಿನಿಂದ ಒಂದು ಇಂಚಿನ ಒಳಗೆ ಕತ್ತರಿಸಿದ ಮೇವು. ಅರ್ಧ ಅಡಿ ಹರಡುವುದು, ತುಳಿಯುವುದು, ಮತ್ತೆ ಅರ್ಧ ಅಡಿ. ನೀರು ತುಂಬಿದ ಡ್ರಮ್ ಉರುಳಿಸಿದರು, ಮೂಲೆಗಳಿಗೆ ಒನಕೆ ಹಾಕಿದರು. ಒಂದೂವರೆ ದಿನದಲ್ಲಿ ಮುಗಿಯಿತು. ನೆಲಕ್ಕಿಂತ ಮೇಲೆ ಆಮೆಯ ಬೆನ್ನಿನ ಹಾಗೆ ಉಬ್ಬಿಸಿ ಹಾಳೆ ಎಳೆದು ಮಣ್ಣಿನ ಮೂಟೆ ಪೇರಿಸಿದರು. ಮಳೆನೀರು ಜಾರಿ ಹೋಗಲಿ ಅಂತ. 45 ದಿನಕ್ಕೆ ಹದವಾಗುತ್ತದೆ. ಬೇಸಿಗೆಗೆ ತೆಗೆದರೆ ಹೊಂಬಣ್ಣ, ಹುಳಿಸಿಹಿ ಘಮ. ಹಸುಗಳು ಕೊರಳು ಚಾಚಿದವು. ಅಣ್ಣನಿಗೆ ಮದುವೆಯ ಸಂಭ್ರಮ.

ಎರಡು ವಾರ ಕಳೆಯುವುದರೊಳಗೆ ತೆರೆದ ಮುಖಕ್ಕೆ ಬಿಳಿ ಬೂಷ್ಟು. ಕೈ ಇಟ್ಟರೆ ಬಿಸಿ. ಯಾಕೆ ಹೀಗೆ?

ಈ ಲೆಕ್ಕವನ್ನು ಸ್ವಲ್ಪ ನಿಧಾನವಾಗಿ ಹೇಳುತ್ತೇನೆ. ಗುಂಡಿಯನ್ನು ಒಂದು ತುದಿಯಿಂದ ತೆಗೆಯುತ್ತೇವೆ. ಆ ತುದಿಯ ಅಗಲ 7 ಅಡಿ, ಎತ್ತರ 5 ಅಡಿ. ಚೆನ್ನಾಗಿ ತುಳಿದ ರಸಮೇವು ಒಂದು ಘನ ಅಡಿಗೆ ಸುಮಾರು 15 ಕಿಲೋ ತೂಗುತ್ತದೆ. ಒಂದು ಹಸುವಿಗೆ ದಿನಕ್ಕೆ 20 ಕಿಲೋ, ಎರಡಕ್ಕೆ 40. ನಲವತ್ತು ಕಿಲೋ ತೆಗೆದರೆ ಆ ಅಗಲವಾದ ಮುಖ ಹಿಂದೆ ಸರಿಯುವುದು ಸುಮಾರು ಒಂದು ಇಂಚು. ದಿನಕ್ಕೆ ಒಂದೇ ಇಂಚು. ಗಾಳಿ ಅದಕ್ಕಿಂತ ವೇಗವಾಗಿ ಒಳಗೆ ಹೋಗುತ್ತದೆ. ದಿನಕ್ಕೆ ಅರ್ಧ ಅಡಿಯಾದರೂ ಮುಖ ಸರಿಯಬೇಕು. ಹಾಗೆ ಸರಿಯಬೇಕಾದರೆ ಆ ಗುಂಡಿಗೆ ಹನ್ನೆರಡು ಹದಿಮೂರು ಹಸು ಬೇಕು. ನಮ್ಮ ಮನೆಯಲ್ಲಿದ್ದದ್ದು ಎರಡು.

ಮೇವು ತುಂಬುವುದು ಹೊಲದ ಲೆಕ್ಕ, ತೆಗೆಯುವುದು ಹಸುವಿನ ಬಾಯಿಯ ಲೆಕ್ಕ. ಗುಂಡಿಯ ಅಳತೆಯನ್ನು ನಾವು ಹೊಲ ನೋಡಿ ತೆಗೆದುಕೊಂಡಿದ್ದೆವು. ಕೈಪಿಡಿಗಳಲ್ಲಿ ಗುಂಡಿಯ ಚಿತ್ರ ಇರುತ್ತದೆ. ಎಷ್ಟು ಹಸು ಇದ್ದರೆ ಅಂಥ ಗುಂಡಿ ಅನ್ನುವುದನ್ನು ಯಾರೂ ದಪ್ಪಕ್ಷರದಲ್ಲಿ ಬರೆಯುವುದಿಲ್ಲ. ಎರಡು ಮೂರು ಹಸುವಿನ ಮನೆಯವರೇ, ಗುಂಡಿ ತೋಡಬೇಡಿ.

ಮತ್ತೆ ಏನು ಮಾಡಬೇಕು? ಮೂರನೆಯ ವರ್ಷ ಅತ್ತಿಗೆಯ ಮಾತು ನಡೆಯಿತು. ಚೀಲ. ಒಳಗೆ ದಪ್ಪ ಪ್ಲಾಸ್ಟಿಕ್ ಪದರ ಇರುವ ಹೊಸ ಚೀಲ. ಗೊಬ್ಬರದ ಹಳೇ ಚೀಲ ಕೂಡದು. ಒಂದೊಂದರಲ್ಲಿ 40 ಕಿಲೋ. ಚೀಲದೊಳಗೆ ಇಳಿದು ತುಳಿದು, ಬಾಯಿ ತಿರುಚಿ, ಮಡಚಿ, ಬಿಗಿಯಾಗಿ ಕಟ್ಟುವುದು. ಒಂದು ಚೀಲ ಒಂದು ದಿನದ ಮೇವು. ಬಿಚ್ಚಿದ್ದು ಸಂಜೆಯೊಳಗೆ ಖಾಲಿ. ಗಾಳಿಗೆ ಪುರುಸೊತ್ತೇ ಇಲ್ಲ. ಬೇಸಿಗೆಯ 120 ದಿನಕ್ಕೆ 120 ಚೀಲ. ಲೆಕ್ಕಕ್ಕೆ ಕ್ಯಾಲೆಂಡರ್ ಸಾಕು ಅಂದರು ಅತ್ತಿಗೆ.

ಒಟ್ಟು ಸುಮಾರು 5 ಟನ್ ಆಯಿತು. ಹುಳಿಯಾಗುವಾಗ ಒಂದಷ್ಟು ಕಳೆಯುತ್ತದೆ, ಹಾಗಾಗಿ ಹೊಲದಿಂದ 6 ಟನ್ ಬೇಕು. ನೀರಾವರಿಯಲ್ಲಿ ಎಕರೆಗೆ 15 ಟನ್ ಅಂತ ಹಿಡಿದರೆ 16 ಗುಂಟೆ ಜಾಗ. ಅಷ್ಟೇ ಜಾಗದ ಮುಂಗಾರು ಬೆಳೆ ಎರಡು ಹಸುವಿನ ಬೇಸಿಗೆ ದಾಟಿಸುತ್ತದೆ.

ಚೀಲದ ಶತ್ರು ಇಲಿ. ಒಂದು ಸಣ್ಣ ತೂತು ಸಾಕು, ಸುತ್ತ ಒಂದು ಅಡಿ ಕೆಡುತ್ತದೆ. ನೆಲದ ಮೇಲೆ ನೇರ ಇಡದೆ ಹಲಗೆಯ ಮೇಲೆ, ನೆರಳಿನಲ್ಲಿ ಜೋಡಿಸಿ. ಗೋಡೆಗೆ ಒತ್ತಬೇಡಿ. ತೂತು ಕಂಡರೆ ಆಗಲೇ ಟೇಪ್ ಅಂಟಿಸಿ. ನಮ್ಮ ಮನೆಯಲ್ಲಿ ಆ ವರ್ಷ ಇಲಿ ಕಾಯುವ ಬೆಕ್ಕಿಗೂ ಸೊಸೈಟಿಗೆ ಹೋಗುವ ಹಾಲಿನಲ್ಲಿ ಪಾಲು ಸಿಕ್ಕಿತು.

ಹತ್ತಾರು ಹಸು ಇರುವವರಿಗೆ ಗುಂಡಿಯೋ ನೆಲದ ಮೇಲಿನ ತೊಟ್ಟಿಯೋ ಸರಿಯೇ. ಅವರಿಗೆ ಒಂದು ಎಚ್ಚರಿಕೆ. ತುಂಬಿದ ಮೊದಲ ಎರಡು ಮೂರು ವಾರ ಮೇವಿನಿಂದ ವಿಷಗಾಳಿ ಹೊರಡುತ್ತದೆ. ಕೆಲವು ಸಲ ಕಂದು ಬಣ್ಣದ ಹೊಗೆಯಂತೆ ಇರುತ್ತದೆ, ಕೆಲವು ಸಲ ಬಣ್ಣವೂ ಇರುವುದಿಲ್ಲ, ವಾಸನೆಯೂ ಇರುವುದಿಲ್ಲ. ಭಾರವಾದ ಗಾಳಿ, ತಳದಲ್ಲಿ ನಿಲ್ಲುತ್ತದೆ. ಆಳದ ಗುಂಡಿಗೆ ಆ ದಿನಗಳಲ್ಲಿ ಯಾರೂ ಇಳಿಯಬೇಡಿ. ಬಿದ್ದವರನ್ನು ಎತ್ತಲು ಹೋದವರೂ ಬೀಳುತ್ತಾರೆ. ಮಕ್ಕಳನ್ನು ಹತ್ತಿರ ಬಿಡಬೇಡಿ.

ತುಂಬುವುದು ಆಯಿತು, ಅಳತೆ ಆಯಿತು. ಇನ್ನು ಯಾವಾಗ ಕೊಯ್ಯಬೇಕು ಅನ್ನುವುದು. ಇದನ್ನೂ ಗಾಳಿಯ ಜೊತೆಗೇ ಯೋಚಿಸಿ.

ಹಾವೇರಿ, ಧಾರವಾಡದ ಕಡೆಯವರು ಮುಸುಕಿನ ಜೋಳಕ್ಕೆ ಗೋವಿನಜೋಳ ಅನ್ನುತ್ತಾರೆ. ಎಂಥ ಹೆಸರು! ಗೋವಿಗೆ ಕೊಡುವಾಗ ತೆನೆ ಕಿತ್ತುಕೊಂಡು ಬರೀ ದಂಟು ಕೊಡುತ್ತೇವೆ, ಅದು ಬೇರೆ ಮಾತು. ರಸಮೇವಿಗೆ ತೆನೆಯೂ ಬೇಕು. ಹಸುವಿಗೆ ಶಕ್ತಿ ಬರುವುದು ಕಾಳಿನಿಂದ. ಆಫ್ರಿಕನ್ ಟಾಲ್ ಆಗಲಿ, ಬೇರೆ ತಳಿಯಾಗಲಿ, ಹಸಿಮೇವಿಗೆ ಬಿತ್ತಿದ ಹಾಗೆ ಒತ್ತಾಗಿ ಬಿತ್ತಬೇಡಿ. ತೆನೆ ಕಟ್ಟುವುದಿಲ್ಲ. ತೆನೆಯ ಕಾಳು ಹಾಲು ಮುಗಿದು ಹಿಟ್ಟಾಗುವ ಹೊತ್ತು, ಅದೇ ಸಮಯ. ಬಿತ್ತಿ 80, 90 ದಿನ ಆಗಿರುತ್ತದೆ. ತೆನೆ ಮುರಿದು ಕಾಳನ್ನು ಉಗುರಿನಿಂದ ಒತ್ತಿ. ಹಾಲು ಚಿಮ್ಮಿದರೆ ಇನ್ನೂ ಎಳೆಯದು. ಮೇಲ್ಭಾಗ ಗಟ್ಟಿ, ಬುಡದಲ್ಲಿ ಸ್ವಲ್ಪ ಹಾಲು, ಹಾಗಿದ್ದರೆ ಸರಿ.

ಇನ್ನೊಂದು ಪರೀಕ್ಷೆ ಕೈಯದು. ಕತ್ತರಿಸಿದ ಮೇವನ್ನು ಮುಷ್ಟಿಯಲ್ಲಿ ಬಿಗಿಯಾಗಿ ಹಿಂಡಿ ಬಿಡಿ. ಬೆರಳ ಸಂದಿಯಲ್ಲಿ ನೀರು ತೊಟ್ಟಿಕ್ಕಿದರೆ ರಸ ಜಾಸ್ತಿ. ಗುಂಡಿಯ ತಳದಲ್ಲಿ ನಿಂತು ಕೆಡುತ್ತದೆ. ಉಂಡೆ ಮೆಲ್ಲಗೆ ಬಿಚ್ಚಿಕೊಂಡರೆ ಹದ. ಆಗ ನೂರರಲ್ಲಿ ಮೂವತ್ತು ಚಿಲ್ಲರೆ ಪಾಲು ಒಣ ಅಂಶ, ಉಳಿದದ್ದು ನೀರು. ತಕ್ಷಣ ಉದುರಿ ಹೋದರೆ ಒಣಗಿದೆ. ಒಣಗಿದ ಮೇವನ್ನು ಎಷ್ಟು ತುಳಿದರೂ ಕೂರುವುದಿಲ್ಲ. ಸಂದಿಗಳಲ್ಲಿ ಗಾಳಿ ಉಳಿಯುತ್ತದೆ. ಗಾಳಿಯ ಜೊತೆಗೇ ಯೋಚಿಸಿ ಅಂದದ್ದು ಇದಕ್ಕೆ.

ಒಂದು ಮಾತು ಬಿಟ್ಟೆ. 2018ರಲ್ಲಿ ಶಿವಮೊಗ್ಗ ಜಿಲ್ಲೆಯ ಮುಸುಕಿನ ಜೋಳದಲ್ಲಿ ಫಾಲ್ ಸೈನಿಕ ಹುಳು ಕಂಡಿತು, ದೇಶದಲ್ಲೇ ಮೊದಲು. ಅಂದಿನಿಂದ ಸುಳಿಗೆ ಔಷಧಿ ಹೊಡೆಯದ ಹೊಲ ಅಪರೂಪ. ಡಬ್ಬಿಯ ಮೇಲೆ ಎಷ್ಟು ದಿನ ಕಾಯಬೇಕು ಅಂತ ಬರೆದಿರುತ್ತದೆ. ಅಷ್ಟು ದಿನ ಕಳೆಯದೆ ಕೊಯ್ಯಬೇಡಿ.

ಕೊಯ್ಲಿನ ಹದ ಹೇಳಿದೆ. ಕಡೆಯದಾಗಿ ಹಾಕುವ ಕ್ರಮ.

ಮೊದಲ ದಿನವೇ 20 ಕಿಲೋ ಸುರಿಯಬೇಡಿ. ಐದು ಕಿಲೋದಿಂದ ಶುರು ಮಾಡಿ, ವಾರ ಹತ್ತು ದಿನದಲ್ಲಿ ಏರಿಸಿ. ರಾಗಿಹುಲ್ಲು ನಿಲ್ಲಿಸಬೇಡಿ. ಮೆಲುಕು ಹಾಕಲು ಒಣಮೇವು ಬೇಕು. ಹಿಂಡಿಯನ್ನೂ ಪೂರ್ತಿ ಬಿಡುವ ಹಾಗಿಲ್ಲ. ಜೋಳದ ರಸಮೇವಿನಲ್ಲಿ ಶಕ್ತಿ ಇದೆ, ಸಸಾರಜನಕ ಕಡಿಮೆ. ಬೂಷ್ಟು ಹಿಡಿದದ್ದು, ಕಪ್ಪಾದದ್ದು, ಎಷ್ಟೇ ಕಷ್ಟಪಟ್ಟು ಮಾಡಿದ್ದರೂ ತಿಪ್ಪೆಗೆ ಹಾಕಿ. ಗಬ್ಬದ ಹಸುವಿಗಂತೂ ಸೋಕಿಸಬೇಡಿ. ಒಳ್ಳೆಯ ಭಾಗ ಆರಿಸಿ ಹಾಕೋಣ ಅಂತ ಆಸೆಯಾಗುತ್ತದೆ. ನಮಗೂ ಆಗಿತ್ತು.

ಇನ್ನು ವಾಸನೆ. ರಸಮೇವಿನ ಹುಳಿ ವಾಸನೆಯನ್ನು ಹಾಲು ಬೇಗ ಹಿಡಿದುಕೊಳ್ಳುತ್ತದೆ. ಚೀಲವನ್ನು ಕೊಟ್ಟಿಗೆಯ ಆಚೆ ಬಿಚ್ಚಿ. ಕರೆಯುವುದಕ್ಕೆ ಮುಂಚೆ ಹಾಕಬೇಡಿ. ಈ ವಿಷಯದಲ್ಲಿ ಮಾತ್ರ ನಮ್ಮಜ್ಜಿಯ ಮಾತು ಮೀರಬೇಕಾಗುತ್ತದೆ. ಅವಳ ಸಮಾಧಾನಕ್ಕೆ ಒಂದು ಹಿಡಿ ರಾಗಿಹುಲ್ಲು ಮುಂದಿಡಿ. ಹಾಲು ಕರೆದು, ಕ್ಯಾನಿನ ಮುಚ್ಚಳ ಹಾಕಿ ಡೇರಿಗೆ ಕಳಿಸಿ. ಆಮೇಲೆ ಚೀಲದ ಗಂಟು ಬಿಚ್ಚಿ.